ಕಾಯ್ದೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕನ್ನಡದಲ್ಲೇ ಉತ್ತರ ಬರಬೇಕು. ಇದು ಯಾರೋ ತೋರುವ ದಾಕ್ಷಿಣ್ಯವಲ್ಲ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ 3ನೇ ಸೆಕ್ಷನ್. ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳು ಎಲ್ಲಕ್ಕೂ ಅನ್ವಯ. ಹಲವರು ಸಂವಿಧಾನದ 350ನೇ ವಿಧಿಯನ್ನು ಮಾತ್ರ ಉಲ್ಲೇಖಿಸುತ್ತಾರೆ. ಅದು ಮನವಿ ಕೊಡುವ ಹಕ್ಕನ್ನು ಹೇಳುತ್ತದೆಯೇ ಹೊರತು ಉತ್ತರದ ಭಾಷೆಯನ್ನಲ್ಲ. ಅರ್ಜಿಯಲ್ಲಿ ಉಲ್ಲೇಖಿಸಬೇಕಾದ್ದು 1969ರ ಕಾಯ್ದೆಯನ್ನು.

ಕೌಂಟರಿನಲ್ಲಿ ನಡೆಯುವುದೇ ಬೇರೆ. ಕನ್ನಡ ಬಲ್ಲ ಗುಮಾಸ್ತರು ವರ್ಗವಾಗಿ ಹೋದಲ್ಲಿ ಮಲಯಾಳ ಮಾತ್ರ ಬಲ್ಲವರು ಬರುತ್ತಾರೆ. ‘ಮಲಯಾಳದಲ್ಲಿ ಬರೆಸಿ ತನ್ನಿ’ ಎಂದು ಬಾಯಿಮಾತಿನಲ್ಲೇ ವಾಪಸು ಕಳಿಸಿದರೆ ದಾಖಲೆ ಉಳಿಯದು, ಮೇಲಿನವರಿಗೆ ದೂರು ಕೊಡಲು ಕೈಯಲ್ಲಿ ಏನೂ ಇರದು. ಹಕ್ಕು ಸೋರಿಹೋಗುವುದು ಇಲ್ಲೇ.

ಆದ್ದರಿಂದ ಅರ್ಜಿ ಎರಡು ಪ್ರತಿ ಇರಲಿ. ಕೊನೆಯಲ್ಲಿ ‘1969ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕನ್ನಡದಲ್ಲಿ ಉತ್ತರಿಸಿ’ ಎಂದು ಬರೆಯಿರಿ. ನಿಮ್ಮ ಪ್ರತಿಗೆ ಮೊಹರು, ತಾರೀಕು, ಟಪಾಲು ನಂಬರು (ಕಚೇರಿಯಲ್ಲಿ ಅರ್ಜಿ ದಾಖಲಾದ ಸಂಖ್ಯೆ) ಹಾಕಿಸದೆ ಹೊರಡಬೇಡಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಉತ್ತರ ಮಲಯಾಳದಲ್ಲಿ ಬಂದರೆ ಅದರ ನಕಲಿನೊಡನೆ ಜಿಲ್ಲಾಧಿಕಾರಿಗೆ ದೂರು ಕೊಡಿ. ಏನೂ ಬಾರದಿದ್ದರೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ, ಕಡತ ಯಾರ ಮೇಜಿನಲ್ಲಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರಿಸಲೇಬೇಕು.

ಇಷ್ಟೆಲ್ಲ ಪಾಡು ವಯಸ್ಸಾದವರಿಂದ ಆಗುವಂಥದ್ದಲ್ಲ. ಟಪಾಲು ವಿಭಾಗಕ್ಕಾದರೂ ಕನ್ನಡ ಬಲ್ಲ ಒಬ್ಬರನ್ನು ಜಿಲ್ಲಾಡಳಿತ ಕೂಡಲೇ ನೇಮಿಸಲಿ.

– ಕನ್ನಡ ಓದುಗರು, ಬದಿಯಡ್ಕ