ಲೀಡ್ಸ್ ಟ್ರಾಮ್‌ಗಾಗಿ: ಮೇಯರ್ ಟ್ರೇಸಿ ಬ್ರಾಬಿನ್ ಅವರಿಗೆ ಬಹಿರಂಗ ಪತ್ರ

ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರಿನ ಮಾನ್ಯ ಮೇಯರ್ ಟ್ರೇಸಿ ಬ್ರಾಬಿನ್ ಅವರಿಗೆ ನಮಸ್ಕಾರಗಳು.

ಲೀಡ್ಸ್, ಬ್ರಾಡ್‌ಫೋರ್ಡ್ ಊರುಗಳಿಗೆ ಬರಬೇಕಾದ ನಮ್ಮ ಟ್ರಾಮಿನ ದಿನಾಂಕ ಮತ್ತೆ ಮುಂದಕ್ಕೆ ಹೋಗಿದೆ. 2028ಕ್ಕೆ ಗುದ್ದಲಿ ಬೀಳುತ್ತದೆ, 2030ರ ದಶಕದ ಮಧ್ಯದಲ್ಲಿ ಟ್ರಾಮ್ ಓಡುತ್ತದೆ ಎಂದು ಹೇಳಿದ್ದಿರಿ. 2025ರ ಕೊನೆಗೆ ಬಂದ ಸುದ್ದಿಯಲ್ಲಿ ಅದು ದಶಕದ ಕೊನೆಗೆ ಜಾರಿತು. ನನ್ನ ಮಗಳು ಈಗ ಪ್ರೈಮರಿ ಶಾಲೆಯಲ್ಲಿದ್ದಾಳೆ. ಮೊದಲ ಟ್ರಾಮ್ ಹೊರಡುವ ಹೊತ್ತಿಗೆ ಅವಳು ಕೆಲಸಕ್ಕೆ ಸೇರಿರುತ್ತಾಳೆ, ಅದೂ ಎಲ್ಲ ಸರಿಯಾಗಿ ನಡೆದರೆ. ನನಗೆ ಸಿಟ್ಟು ಬಂದಿದೆ ನಿಜ. ಆದರೆ ಬೈಯುವುದಕ್ಕೆ ಬರೆಯುತ್ತಿಲ್ಲ. ನಿಮ್ಮಿಂದ ಆಗುವ ಒಂದು ಕೆಲಸ ಇದೆ, ಅದನ್ನು ಕೇಳುವುದಕ್ಕೆ ಬರೆಯುತ್ತಿದ್ದೇನೆ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದದ್ದು ನಮ್ಮವರಿಗಾಗಿ. ಲೀಡ್ಸ್, ಬ್ರಾಡ್‌ಫೋರ್ಡ್, ವೇಕ್‌ಫೀಲ್ಡ್ ಕಡೆಯ ಆಸ್ಪತ್ರೆಗಳಲ್ಲಿ, ಐಟಿ ಕಂಪನಿಗಳಲ್ಲಿ, ಯೂನಿವರ್ಸಿಟಿಗಳಲ್ಲಿ ಕನ್ನಡದವರು ಇದ್ದೇವೆ. ಇಲ್ಲಿ ವೀಸಾ ಮೇಲೆ ನೆಲೆಸಿರುವ ಭಾರತದ ಪ್ರಜೆಗಳಿಗೂ ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಮತದಾನದ ಹಕ್ಕಿದೆ. ಮೇಯರ್ ಚುನಾವಣೆಯಲ್ಲೂ ಇದೆ. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಓದುತ್ತಿರುವ ಕನ್ನಡಿಗರೇ, ದಯವಿಟ್ಟು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಮುಂದಿನ ಮೇಯರ್ ಚುನಾವಣೆ 2028ರ ಮೇ ತಿಂಗಳಲ್ಲಿ.

ಲೀಡ್ಸ್ ಹಳಿ ಕಾಣದ ಊರೇನಲ್ಲ. ಮಿಡಲ್ಟನ್ ಕಲ್ಲಿದ್ದಲು ರೈಲಿಗೆ ಪಾರ್ಲಿಮೆಂಟ್ ಒಪ್ಪಿಗೆ ಕೊಟ್ಟದ್ದು 1758ರಲ್ಲಿ. 1812ರಲ್ಲಿ ಅದೇ ಹಳಿಯ ಮೇಲೆ ಮ್ಯಾಥ್ಯೂ ಮರ್ರೆ ಕಟ್ಟಿದ ಹಬೆ ಎಂಜಿನ್ ಕಲ್ಲಿದ್ದಲು ಎಳೆಯಿತು. ವ್ಯಾಪಾರಕ್ಕೆ ನಿಜವಾಗಿ ಒದಗಿದ ಮೊದಲ ಹಬೆ ಎಂಜಿನ್ ಅದು. 1891ರಲ್ಲಿ ರೌಂಡ್‌ಹೇ ಪಾರ್ಕಿಗೆ ತಂತಿಯಿಂದ ಕರೆಂಟ್ ಎಳೆದುಕೊಳ್ಳುವ ಟ್ರಾಮ್ ಬಂತು. ಬ್ರಿಟನ್ನಿನ ಹೆಚ್ಚಿನ ಊರುಗಳಲ್ಲಿ ಆಗ ಟ್ರಾಮ್ ಎಳೆಯುತ್ತಿದ್ದದ್ದು ಕುದುರೆಗಳು. 1959ರ ನವೆಂಬರ್ 7ಕ್ಕೆ ಕೊನೆಯ ಟ್ರಾಮ್ ಓಡಿತು. ಆಮೇಲೆ ಹಳಿ ಕಿತ್ತರು.

ಮತ್ತೆ ತರುವ ಪ್ರಯತ್ನ ಎರಡು ಸಲ ನಡೆಯಿತು. ಮೂರು ಮಾರ್ಗಗಳ ಸೂಪರ್‌ಟ್ರಾಮ್‌ಗೆ 2001ರಲ್ಲಿ ಸರ್ಕಾರ ಹಸಿರು ನಿಶಾನೆ ತೋರಿಸಿತು. ಖರ್ಚಿನ ಅಂದಾಜು ಏರಿತು. 2005ರಲ್ಲಿ ಸಾರಿಗೆ ಸಚಿವ ಅಲಿಸ್ಟೇರ್ ಡಾರ್ಲಿಂಗ್ ಅದಕ್ಕೆ ಎಳ್ಳುನೀರು ಬಿಟ್ಟರು. ಅಷ್ಟು ಹೊತ್ತಿಗೆ ಬರೀ ಸಿದ್ಧತೆಗೇ ಸುಮಾರು 4 ಕೋಟಿ ಪೌಂಡ್ ಕರಗಿತ್ತು. ಟ್ರಾಮ್ ದುಬಾರಿ, ಬಸ್ಸಿನ ಥರದ್ದು ಏನಾದರೂ ಮಾಡಿ ಅಂದರು. ಸರಿ ಅಂತ ಲೀಡ್ಸ್ ಟ್ರಾಲಿಬಸ್, ಅಂದರೆ ಹಳಿ ಇಲ್ಲದೆ ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಬಸ್ಸಿನ ಯೋಜನೆ ಮಾಡಿಕೊಂಡು ಹೋಯಿತು. ಅದನ್ನೂ 2016ರಲ್ಲಿ ತಿರಸ್ಕರಿಸಿದರು. ಟ್ರಾಲಿಬಸ್‌ಗೆ ಇಲ್ಲೇ ಸಾಕಷ್ಟು ವಿರೋಧ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಸಲವೂ ಕೊನೆಯ ಮಾತು ಲಂಡನ್ನಿನದು. ಹಣ ಅವರದು, ಆದ್ದರಿಂದ ತೀರ್ಮಾನವೂ ಅವರದು. ಸುಮಾರು 8 ಲಕ್ಷ ಜನರ ಊರಿಗೆ ತನ್ನ ಬೀದಿಯಲ್ಲಿ ಹಳಿ ಹಾಕಿಕೊಳ್ಳುವ ಅಧಿಕಾರ ಇಲ್ಲ ಅಂದರೆ ಏನು ಹೇಳುವುದು?

2025ರ ಜೂನ್‌ನಲ್ಲಿ ರೇಚೆಲ್ ರೀವ್ಸ್ ವೆಸ್ಟ್ ಯಾರ್ಕ್‌ಷೈರಿನ ಸಾರಿಗೆಗೆ 210 ಕೋಟಿ ಪೌಂಡ್ ಘೋಷಿಸಿದಾಗ ನಮಗೆಲ್ಲ ಖುಷಿಯಾಗಿತ್ತು. ಹಣಕಾಸು ಸಚಿವೆ ಲೀಡ್ಸ್‌ನವರೇ ಸಂಸದೆ, ಇನ್ನೇನು ಬಂತು ಅಂದುಕೊಂಡೆವು. ಆರು ತಿಂಗಳು ಕಳೆಯುವಷ್ಟರಲ್ಲಿ ದಿನಾಂಕವೇ ಬದಲಾಯಿತು. ಎರಡು ಸಲ ಮೂಗಿಗೆ ತುಪ್ಪ ಸವರಿಸಿಕೊಂಡ ಊರಿಗೆ ಈ ಮೂರನೆಯ ಸಲ ಹೇಗನಿಸಿರಬೇಡ!

ನಾನು ಧಾರವಾಡದವನು. ಲೀಡ್ಸ್ ಮತ್ತು ಬ್ರಾಡ್‌ಫೋರ್ಡ್ ನೋಡಿದಾಗ ನನಗೆ ನೆನಪಾಗುವುದು ಹುಬ್ಬಳ್ಳಿ–ಧಾರವಾಡ. ಬೇರೆ ಬೇರೆ ಊರು, ಬೇರೆ ಬೇರೆ ಸ್ವಭಾವ, ಆದರೆ ಇಲ್ಲಿರುವವರು ಅಲ್ಲಿ ಕೆಲಸ ಮಾಡುತ್ತಾರೆ, ಅಲ್ಲಿರುವವರು ಇಲ್ಲಿ ಓದುತ್ತಾರೆ. ಫ್ರಾನ್ಸ್‌ನಲ್ಲೂ ಇಂಥ ಜೋಡಿ ಒಂದಿದೆ. ಲೀಡ್ಸ್‌ನ ಸೋದರ ನಗರ ಲಿಲ್, ಬ್ರಾಡ್‌ಫೋರ್ಡಿನ ಸೋದರ ನಗರ ರೂಬೆ. ಬ್ರಾಡ್‌ಫೋರ್ಡ್ ಥರ ರೂಬೆಯೂ ಉಣ್ಣೆ ಗಿರಣಿಗಳ ಊರು. ಗಿರಣಿ ಮುಚ್ಚಿ ಬಡತನ ಕಂಡ ಊರು. ಆದರೆ ಲಿಲ್ ಮತ್ತು ರೂಬೆ ನಡುವೆ 1909ರಿಂದ ಟ್ರಾಮ್ ಇದೆ. ಕಟ್ಟಿದ ಎಂಜಿನಿಯರ್ ಆಲ್ಫ್ರೆಡ್ ಮೊಂಜಿ. ಜನ ಇವತ್ತಿಗೂ ಟ್ರಾಮನ್ನೇ ‘ಮೊಂಜಿ’ ಅಂತ ಕರೆಯುತ್ತಾರೆ.

ಆ ಟ್ರಾಮಿನಲ್ಲಿ ನಾವು ಮನೆಮಂದಿ ಹೋಗಿದ್ದೇವೆ. ಲಿಲ್ ಫ್ಲಾಂಡ್ರ್ ಸ್ಟೇಷನ್ನಿನ ನೆಲದಡಿಯಿಂದ ಹೊರಡುತ್ತದೆ. ಊರು ದಾಟುತ್ತಿದ್ದಂತೆ ಅಗಲವಾದ ಮರಸಾಲಿನ ರಸ್ತೆ ಬರುತ್ತದೆ. ಅಲ್ಲಿ ಟ್ರಾಮಿಗೆ ತನ್ನದೇ ದಾರಿ ಇದೆ, ಕಾರುಗಳದ್ದು ಪಕ್ಕದಲ್ಲಿ ಬೇರೆ. ಪಕ್ಕದ ಕಾರುಗಳು ಸಾಲುಗಟ್ಟಿ ನಿಂತಿದ್ದವು, ನಾವು ಮುಂದಕ್ಕೆ ಹೋಗುತ್ತಲೇ ಇದ್ದೆವು. ಒಂದು ನಿಲ್ದಾಣದಲ್ಲಿ ಒಬ್ಬ ಅಜ್ಜಿ ಮಾರ್ಕೆಟ್ಟಿನ ಚೀಲದ ಗಾಡಿ ತಳ್ಳಿಕೊಂಡು ಹತ್ತಿದರು. ಗಾಡಿಯಲ್ಲಿ ಸೊಪ್ಪು, ಮೇಲೆ ಎರಡು ಉದ್ದನೆ ಬ್ರೆಡ್ಡು. ಮೆಟ್ಟಿಲು ಹತ್ತುವ ಕಷ್ಟ ಇಲ್ಲ, ಯಾರ ಸಹಾಯವೂ ಬೇಕಾಗಲಿಲ್ಲ. ಕೂತರು, ನಾಲ್ಕು ಸ್ಟಾಪ್ ಆದ ಮೇಲೆ ಇಳಿದರು. ಅಷ್ಟೇ. ಅವರಿಗೆ ಅದು ವಿಶೇಷವೇ ಅಲ್ಲ. ಬ್ರಾಡ್‌ಫೋರ್ಡಿನ ಅಜ್ಜಿಗೂ ಅದು ಹಾಗೆ ಮಾಮೂಲಿ ಆಗಬೇಕು ಅನ್ನುವುದೇ ನನ್ನ ಆಸೆ.

ಲಿಲ್‌ನಲ್ಲಿ ಟ್ರಾಮ್ ಅಲ್ಲದೆ ಮೆಟ್ರೋ ಕೂಡ ಇದೆ. 1983ರಲ್ಲಿ ಶುರುವಾದಾಗಿನಿಂದಲೇ ಡ್ರೈವರ್ ಇಲ್ಲದೆ ಓಡುತ್ತದೆ. ಲೀಡ್ಸ್‌ನ ಇನ್ನೊಂದು ಸೋದರ ನಗರ ಡಾರ್ಟ್‌ಮುಂಡ್. ಅಲ್ಲಿನ ನಗರ ರೈಲು ಊರ ನಡುವೆ ಸುರಂಗದಲ್ಲಿ, ಹೊರಗೆ ರಸ್ತೆ ಮೇಲೆ ಓಡುತ್ತದೆ. ಸೋದರರಿಬ್ಬರಿಗೂ ಇದೆ, ನಮಗೆ ಮಾತ್ರ ಇಲ್ಲ.

ಅವರಿಗೆ ಹೇಗೆ ಆಯಿತು? ಫ್ರಾನ್ಸ್‌ನವರೇನು ನಮಗಿಂತ ಜಾಣರಲ್ಲ. ಅಲ್ಲಿನ ನಗರಗಳೂ 1950ರ ಆಸುಪಾಸಿನಲ್ಲಿ ಟ್ರಾಮ್ ಕಿತ್ತೆಸೆದಿದ್ದವು. ವ್ಯತ್ಯಾಸ ಹಣದಲ್ಲಿದೆ. 1971ರಲ್ಲಿ ಪ್ಯಾರಿಸ್ ಸುತ್ತ, 1973ರಿಂದ ಬೇರೆ ದೊಡ್ಡ ನಗರಗಳಲ್ಲಿ ಒಂದು ತೆರಿಗೆ ತಂದರು. ಈಗಿನ ನಿಯಮದ ಪ್ರಕಾರ 11 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ತಾನು ಕೊಡುವ ಸಂಬಳದ ಮೊತ್ತದ ಮೇಲೆ ಸಣ್ಣ ಪಾಲೊಂದನ್ನು ನಗರದ ಸಾರಿಗೆಗೆ ಕಟ್ಟಬೇಕು. ಕೆಲಸಗಾರರನ್ನು ಬಾಗಿಲವರೆಗೆ ತಂದು ಬಿಡುವುದು ಸಾರಿಗೆ, ಲಾಭ ಮಾಲೀಕರಿಗೂ ಇದೆ, ಅದಕ್ಕೇ ಈ ಪಾಲು. ಈ ಹಣ ವರ್ಷಾ ವರ್ಷಾ ನೇರವಾಗಿ ಆ ಊರಿನ ಕೈಗೆ ಬರುತ್ತದೆ. ಬರುವ ಹಣ ಗೊತ್ತಿದ್ದರೆ ಸಾಲ ತೆಗೆಯಬಹುದು, ಟೆಂಡರ್ ಕರೆಯಬಹುದು, ಪಕ್ಕದ ಊರಿನ ಜೊತೆ ಸೇರಿ ಬಂಡಿ ಕೊಳ್ಳಬಹುದು. ಡಿಜಾನ್ ಮತ್ತು ಬ್ರೆಸ್ಟ್ ಹಾಗೇ ಮಾಡಿದವು. ದೇಶದ ಆ ತುದಿ ಈ ತುದಿಯ ಊರುಗಳು ಸೇರಿಕೊಂಡು ಒಂದೇ ಆರ್ಡರ್ ಕೊಟ್ಟವು, 2012ರಲ್ಲಿ ಎರಡೂ ಕಡೆ ಟ್ರಾಮ್ ಓಡಿತು. ಡಿಜಾನ್ ನಗರದ ಜನಸಂಖ್ಯೆ ಬರೀ ಒಂದೂವರೆ ಲಕ್ಷ. ಅಲ್ಲಿ ಅದೇ ವರ್ಷ ಎರಡು ಮಾರ್ಗ ಶುರುವಾದವು.

ಅದು ಫ್ರಾನ್ಸ್ ಕಾನೂನು, ಇಲ್ಲಿ ನಡೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಹಾಗಾದರೆ ನಾಟಿಂಗ್‌ಹ್ಯಾಮ್ ನೋಡಿ, ಲೀಡ್ಸ್‌ನಿಂದ ಎರಡು ಗಂಟೆಯ ದಾರಿ. ಅಲ್ಲಿ 2012ರಿಂದ ಪಾರ್ಕಿಂಗ್ ತೆರಿಗೆ ಇದೆ. ನೌಕರರಿಗೆ 11 ಅಥವಾ ಜಾಸ್ತಿ ಕಾರು ನಿಲ್ಲಿಸುವ ಜಾಗ ಕೊಟ್ಟಿರುವ ಸಂಸ್ಥೆ ಒಂದೊಂದು ಜಾಗಕ್ಕೂ ವರ್ಷಕ್ಕಿಷ್ಟು ಅಂತ ನಗರಸಭೆಗೆ ಕಟ್ಟಬೇಕು. ಕಂಪನಿಗಳು ಊರು ಬಿಟ್ಟು ಓಡಿಹೋಗುತ್ತವೆ ಅಂತ ಆಗ ಗಲಾಟೆ ಮಾಡಿದವರಿದ್ದರು. 2015ರಲ್ಲಿ ಅಲ್ಲಿನ ಟ್ರಾಮ್ ಇನ್ನೆರಡು ದಿಕ್ಕಿಗೆ ಬೆಳೆಯಿತು, ಅದಕ್ಕೆ ಈ ತೆರಿಗೆಯ ಹಣವೂ ಸೇರಿತ್ತು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2000ನೇ ಇಸವಿಯ ಸಾರಿಗೆ ಕಾಯ್ದೆಯಲ್ಲೇ ಅವಕಾಶ ಇದೆ. ಇಂಗ್ಲೆಂಡಿನ ಒಂದು ಊರು ಬಳಸಿ ತೋರಿಸಿಯೂ ಆಗಿದೆ.

ನಾನು ಕೇಳುವ ಕೆಲಸ ಇದೇ. ಲೀಡ್ಸ್ ಮತ್ತು ಬ್ರಾಡ್‌ಫೋರ್ಡ್ ನಗರಸಭೆಗಳನ್ನು ಜೊತೆಗೆ ಕೂರಿಸಿ, ಕೆಲಸದ ಜಾಗದ ಪಾರ್ಕಿಂಗ್ ತೆರಿಗೆಯ ಕರಡನ್ನು ಜನರ ಮುಂದೆ ಇಡಿ. ಒಂದೊಂದು ಪೆನ್ನಿಯೂ ಟ್ರಾಮ್ ಮತ್ತು ಬಸ್ಸಿಗೇ ಹೋಗುತ್ತದೆ ಅಂತ ಬರೆದುಕೊಡಿ. ಇಡೀ ಟ್ರಾಮಿನ ಖರ್ಚು ಇದರಿಂದ ಹುಟ್ಟುವುದಿಲ್ಲ, ಗೊತ್ತು. ಆದರೆ ನಮ್ಮ ಪಾಲಿನ ಹಣ ಕೈಯಲ್ಲಿ ಇಟ್ಟುಕೊಂಡು ಲಂಡನ್ನಿಗೆ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಇದರಲ್ಲಿ ನಿಮಗೆ ರಾಜಕೀಯವಾಗಿ ಅಪಾಯ ಇದೆ. ನಾಂತ್ ನಗರದ ಮೇಯರ್ ಅಲೈನ್ ಶೆನಾರ್ ಕಿತ್ತುಹೋದ ಟ್ರಾಮನ್ನು ವಾಪಸ್ ತರಲು ಹೊರಟರು. ಫ್ರಾನ್ಸ್‌ನಲ್ಲಿ ಆವರೆಗೆ ಯಾರೂ ಮಾಡಿರಲಿಲ್ಲ. ಬೀದಿ ಅಗೆದರು, ಅಂಗಡಿಯವರು ಸಿಟ್ಟಾದರು. 1983ರಲ್ಲಿ ಶೆನಾರ್ ಸೋತರು. ಗೆದ್ದವರು ಟ್ರಾಮ್ ವಿರೋಧಿಗಳು. ಆದರೆ ಅಷ್ಟರಲ್ಲಿ ಕೆಲಸ ನಿಲ್ಲಿಸಲಾಗದಷ್ಟು ಮುಂದೆ ಹೋಗಿತ್ತು. 1985ರ ಜನವರಿಯಲ್ಲಿ ಟ್ರಾಮ್ ಓಡಿತು, ಜನ ಮುಗಿಬಿದ್ದರು, ಮುಂದೆ ಬಂದವರು ಮಾರ್ಗ ಬೆಳೆಸುತ್ತಾ ಹೋದರು. ಸ್ಟ್ರಾಸ್‌ಬರ್ಗ್‌ನ ಮೇಯರ್ ಕ್ಯಾಥರಿನ್ ಟ್ರೌಟ್‌ಮನ್ ಕಥೆ ಬೇರೆ. ಟ್ರಾಮ್ ತರುತ್ತೇನೆ ಅಂತಲೇ 1989ರಲ್ಲಿ ಗೆದ್ದರು, ಊರ ನಡುವಿನ ಕ್ಲೆಬರ್ ಚೌಕದಿಂದ ಕಾರುಗಳನ್ನು ಹೊರಗೆ ಹಾಕಿದರು, 1994ರ ಕೊನೆಗೆ ಟ್ರಾಮ್ ಓಡಿಸಿದರು, ಮರುವರ್ಷ ಮತ್ತೆ ಗೆದ್ದರು. ನಿಮಗೆ ಇವರಿಬ್ಬರಲ್ಲಿ ಯಾರ ಹಣೆಬರಹ ಅಂತ ನಾನು ಹೇಳಲಾರೆ. ಆದರೆ ಇಬ್ಬರ ಊರಲ್ಲೂ ಇವತ್ತು ಟ್ರಾಮ್ ಇದೆ.

ಆತುರ ಬೇಡ ಅನ್ನುವವರು ಎಡಿನ್‌ಬರ್ಗ್ ಟ್ರಾಮ್ ತೋರಿಸುತ್ತಾರೆ. ಅವರ ಮಾತಲ್ಲಿ ಸತ್ಯ ಇದೆ. ರಸ್ತೆಯಡಿ ಏನೇನು ಪೈಪು, ಕೇಬಲ್ ಇದೆ ಅಂತ ಸರಿಯಾಗಿ ಗೊತ್ತಿಲ್ಲದೆ ಅಗೆದರು, ಗುತ್ತಿಗೆದಾರರ ಜೊತೆ ಜಗಳ ಆಯಿತು. ಖರ್ಚು 77 ಕೋಟಿ ಪೌಂಡ್ ದಾಟಿತು, ಮಾರ್ಗ ಅರ್ಧಕ್ಕೇ ನಿಂತು 2014ರಲ್ಲಿ ಶುರುವಾಯಿತು. ಆದರೆ ಅದೇ ಊರು ಪಾಠ ಕಲಿತು, ಉಳಿದ ಭಾಗವನ್ನು ನ್ಯೂಹೇವನ್ ತನಕ ಕಟ್ಟಿ 2023ರಲ್ಲಿ ಓಡಿಸಿತು. ಹಾಗಾದರೆ ಈ ಕಾಯುವ ವರ್ಷಗಳಲ್ಲಿ ನಾವೇನು ಮಾಡಬೇಕು? ನೆಲದಡಿಯ ಪೈಪುಗಳ ಸರ್ವೆ ಈಗಲೇ ಮುಗಿಸಿ. ಯಾವ ಬೀದಿಯಲ್ಲಿ ಏನಿದೆ ಅನ್ನುವ ನಕ್ಷೆ ತೆರೆದಿಡಿ. ಇದಕ್ಕೆ ದೊಡ್ಡ ಅನುಮತಿಗಳೇನೂ ಬೇಡ.

ಮೊದಲ ತುಂಡು ಯಾವುದಿರಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ. ನಿಮ್ಮ ನಕ್ಷೆಯಲ್ಲಿ ಲೀಡ್ಸ್ ಮಾರ್ಗದ ಒಂದು ತುದಿ ಸೇಂಟ್ ಜೇಮ್ಸ್ ಆಸ್ಪತ್ರೆ. ನನ್ನ ಹೆಂಡತಿ ಅಲ್ಲಿ ನರ್ಸ್. ಹನ್ನೆರಡು ಗಂಟೆಗೂ ಜಾಸ್ತಿ ನಿಂತು ಕೆಲಸ ಮಾಡಿ ಬೆಕೆಟ್ ಸ್ಟ್ರೀಟಿನ ಬಸ್ ಸ್ಟಾಪಿಗೆ ಬರುತ್ತಾಳೆ. ಬೋರ್ಡಿನಲ್ಲಿ 9 ನಿಮಿಷ ಅಂತ ಇರುತ್ತದೆ. 6 ಆಗುತ್ತದೆ, 3 ಆಗುತ್ತದೆ, ‘ಡ್ಯೂ’ ಅಂತ, ಅಂದರೆ ಇನ್ನೇನು ಬಸ್ಸು ಬಂತು ಅಂತ, ಬರುತ್ತದೆ. ಆಮೇಲೆ ಆ ಬಸ್ಸಿನ ನಂಬರೇ ಬೋರ್ಡಿನಿಂದ ಮಾಯ. ಬಸ್ಸು ಬಂದೇ ಇರುವುದಿಲ್ಲ. ಪಕ್ಕದಲ್ಲಿ ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡ ರೋಗಿಯೂ ನಿಂತಿರುತ್ತಾರೆ, ಮಗುವನ್ನು ತೋರಿಸಲು ಬಂದ ತಾಯಿಯೂ ನಿಂತಿರುತ್ತಾರೆ. ಜನವರಿ ಮಳೆಯಲ್ಲಿ, ಕತ್ತಲಲ್ಲಿ. ಯಾವ ಕಂಪನಿಯ ಬಸ್ಸು ಅನ್ನುವುದನ್ನು ಎತ್ತುವುದಿಲ್ಲ. ಡ್ರೈವರ್‌ಗಳ ಮೇಲೂ ದೂರಿಲ್ಲ, ಅವರೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರೇ.

ಬಸ್ಸುಗಳ ನಿಯಂತ್ರಣವನ್ನು ಸಾರ್ವಜನಿಕರ ಕೈಗೆ ತರುವ ತೀರ್ಮಾನವನ್ನು ನೀವು 2024ರಲ್ಲಿ ಮಾಡಿದಿರಿ. ಅದು ದೊಡ್ಡ ಕೆಲಸ, ಅದಕ್ಕೆ ಮನಸಾರೆ ಧನ್ಯವಾದ. ಆ ಅಧಿಕಾರವನ್ನು ಟ್ರಾಮ್ ದಾರಿಗೂ ಬಳಸಿ. ಆಸ್ಪತ್ರೆಯಿಂದ ಸಿಟಿ ಸೆಂಟರ್ ದಾಟಿ ಎಲ್ಯಾಂಡ್ ರೋಡ್ ಫುಟ್‌ಬಾಲ್ ಮೈದಾನ, ವೈಟ್ ರೋಸ್ ಶಾಪಿಂಗ್ ಸೆಂಟರ್ ಕಡೆಗೆ ಟ್ರಾಮ್ ಹೋಗುವ ಬೀದಿಗಳಲ್ಲಿ ಈಗಲೇ ಬಸ್ಸಿಗೆ ಪ್ರತ್ಯೇಕ ಲೇನ್ ಕೊಡಿ. ನಾಳೆ ಹಳಿ ಬೀಳಬೇಕಾದ ಜಾಗ ಅದೇ. ಕಾರಿನಿಂದ ಜಾಗ ಬಿಡಿಸಿಕೊಳ್ಳುವ ಜಗಳ ಹೇಗೂ ಆಗಲೇಬೇಕು, ಅದು ಈಗಲೇ ಆಗಿಹೋಗಲಿ. ಆಸ್ಪತ್ರೆಯವರಿಗೆ ಈ ಚಳಿಗಾಲವೇ ಸ್ವಲ್ಪ ಉಪಯೋಗ ಆಗುತ್ತದೆ.

ಪಾರ್ಕಿಂಗ್ ತೆರಿಗೆಯ ಕರಡು, ಪೈಪುಗಳ ನಕ್ಷೆ, ಬಸ್ ಲೇನ್. ಈ ಮೂರಕ್ಕೂ ತಾರೀಖು ಹಾಕಿ ಉತ್ತರ ಬರೆಯಿರಿ. ಆಗುವುದಿಲ್ಲ ಅನ್ನುವುದಾದರೆ ಯಾಕೆ ಆಗುವುದಿಲ್ಲ ಅಂತ ಬರೆಯಿರಿ. ನಿಮ್ಮ ಉತ್ತರವನ್ನು ಕನ್ನಡಕ್ಕೆ ತಂದು ನಮ್ಮವರಿಗೆಲ್ಲ ಮುಟ್ಟಿಸುವ ಕೆಲಸ ನನ್ನದು. 2028ರ ಚುನಾವಣೆಯಲ್ಲಿ ನಿಲ್ಲುವ ಉಳಿದವರಿಗೂ ಇದೇ ಮೂರು ಪ್ರಶ್ನೆ ಕೇಳುತ್ತೇವೆ.

ಇಂತಿ,
ಹೇರ್‌ಹಿಲ್ಸ್, ಲೀಡ್ಸ್‌ನ ಒಬ್ಬ ಕನ್ನಡಿಗ