ಬಿ.ಪಿ. ಜೊತೆಗೆ ನಡಿಗೆಯ ವೇಗವನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಿಗೇನೂ ಬರವಿಲ್ಲ. ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ನಡೆಯುತ್ತಲೇ ಇರುತ್ತವೆ. ಬಿ.ಪಿ., ಶುಗರ್, ತೂಕ, ಕಣ್ಣು ಎಲ್ಲ ನೋಡುತ್ತಾರೆ. ಆದರೆ ಹೆಸರು ಬರೆಸುವ ಮೇಜಿನಿಂದ ಡಾಕ್ಟರ ಕುರ್ಚಿಯವರೆಗೆ ಹಿರಿಯರು ಹೇಗೆ ನಡೆದು ಬಂದರು, ಎಷ್ಟು ಹೊತ್ತಿನಲ್ಲಿ ಬಂದರು ಎಂಬುದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ. ಅರವತ್ತು ದಾಟಿದವರ ಮಟ್ಟಿಗೆ ಇದು ದೊಡ್ಡ ಲೋಪ.

ನಡಿಗೆಯ ವೇಗವನ್ನೂ ಜ್ವರ, ನಾಡಿ, ಉಸಿರಾಟ, ಬಿ.ಪಿ.ಗಳಂತೆ ದೇಹಸ್ಥಿತಿ ತಿಳಿಸುವ ಮೂಲ ಅಳತೆಗಳ ಸಾಲಿಗೆ ಸೇರಿಸಿ, ‘ಆರನೇ ಜೀವಲಕ್ಷಣ’ವೆಂದು ಪರಿಗಣಿಸಬೇಕು ಎಂದು ಅಮೆರಿಕದ ಫಿಸಿಯೋಥೆರಪಿ ಸಂಶೋಧಕರಾದ ಸ್ಟೇಸಿ ಫ್ರಿಟ್ಜ್ ಮತ್ತು ಮಿಷೆಲ್ ಲುಸಾರ್ಡಿ ಬರೆದದ್ದು 2009ರಲ್ಲಿ. 2011ರಲ್ಲಿ ಸ್ಟೆಫನಿ ಸ್ಟುಡೆನ್ಸ್ಕಿ ಮತ್ತು ಸಂಗಡಿಗರು ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ, 65 ದಾಟಿದ 34,485 ಮಂದಿಯ ಲೆಕ್ಕ ಹಾಕಿದರು. ವೇಗ ಸೆಕೆಂಡಿಗೆ 0.1 ಮೀಟರು ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಸುಮಾರು ಶೇ 12ರಷ್ಟು ಕಡಿಮೆಯಿತ್ತು. ಹಾಗೆಂದು ಅಜ್ಜನನ್ನು ಓಡಿಸಿದರೆ ಆಯುಷ್ಯ ಬೆಳೆಯುವುದಿಲ್ಲ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಜ್ವರ ಇಳಿಯುತ್ತದೆಯೇ? ಹೃದಯ, ಶ್ವಾಸಕೋಶ, ನರ, ಸ್ನಾಯು, ಕೀಲು, ಕಣ್ಣು ಎಲ್ಲ ಕೂಡಿ ಕೆಲಸ ಮಾಡಿದರೆ ಮಾತ್ರ ಮನುಷ್ಯ ಸಲೀಸಾಗಿ ನಡೆಯುತ್ತಾನೆ. ಇವುಗಳಲ್ಲಿ ಯಾವುದು ಕುಂದಿದರೂ ಅದು ವೇಗದಲ್ಲಿ ಕಾಣುತ್ತದೆ. ಅಳತೆಯ ಬೆಲೆ ಇರುವುದು ಅಲ್ಲಿ.

ಆರೋಗ್ಯವಂತರ ಸಹಜ ವೇಗ ಎಷ್ಟು? ರಿಚರ್ಡ್ ಬೊಹಾನನ್ ಮತ್ತು ಆಂಡ್ರ್ಯೂಸ್ 2011ರಲ್ಲಿ 41 ಅಧ್ಯಯನಗಳಿಂದ ಕ್ರೋಡೀಕರಿಸಿದ ಪ್ರಕಾರ, ನಲವತ್ತರ ಹರೆಯದ ಗಂಡಸರದು ಸೆಕೆಂಡಿಗೆ 1.43 ಮೀಟರು, ಹೆಂಗಸರದು 1.39. ಅರವತ್ತರ ದಶಕದಲ್ಲಿ ಕ್ರಮವಾಗಿ 1.34 ಮತ್ತು 1.24, ಎಪ್ಪತ್ತರ ದಶಕದಲ್ಲಿ 1.26 ಮತ್ತು 1.13, ಎಂಬತ್ತು ದಾಟಿದ ಮೇಲೆ 0.97 ಮತ್ತು 0.94. ಗಂಟೆಗೆ ಎಷ್ಟು ಕಿಲೋಮೀಟರು ಎಂದು ತಿಳಿಯಬೇಕಾದರೆ 3.6ರಿಂದ ಗುಣಿಸಿದರಾಯಿತು. ಈ ಪಟ್ಟಿಯಲ್ಲಿ ಗಮನಿಸಬೇಕಾದ ಮಾತೊಂದಿದೆ: ಇಪ್ಪತ್ತರಿಂದ ಅರವತ್ತರವರೆಗೆ ವೇಗ ಹೆಚ್ಚೇನೂ ಇಳಿಯುವುದಿಲ್ಲ. ಐವತ್ತೈದಕ್ಕೇ ನಿಧಾನವಾದವರಿಗೆ ‘ವಯಸ್ಸಾಯ್ತು ಬಿಡಿ’ ಎನ್ನುವುದು ಉತ್ತರವಲ್ಲ. ಅಂಕಿಗಳ ಹೆಚ್ಚಿನ ಪಾಲು ಹೊರದೇಶಗಳದ್ದು, ಎತ್ತರ ಕಡಿಮೆಯಿದ್ದವರ ಹೆಜ್ಜೆಯೂ ಗಿಡ್ಡ ಎಂಬುದು ನಿಜ. ಆದ್ದರಿಂದ ಪಟ್ಟಿಯ ಜೊತೆ ಹೋಲಿಸುವುದಕ್ಕಿಂತ, ಅದೇ ವ್ಯಕ್ತಿಯ ಹಳೆಯ ಅಳತೆಯ ಜೊತೆ ಹೋಲಿಸುವುದು ಮೇಲು.

ಅಳೆಯಲು ಬೇಕಾದದ್ದು ಟೇಪು, ಚಾಕ್‌ಪೀಸು, ಮೊಬೈಲಿನ ಸ್ಟಾಪ್‌ವಾಚು. ಶಾಲೆಯ ಜಗಲಿಯಲ್ಲಿ ಎಂಟು ಮೀಟರು ನೇರ ಜಾಗ ಸಿಕ್ಕರೆ ಸಾಕು. ಅಡಿಕೆ ಒಣಗಿಸುವ ಅಂಗಳ ಬೇಡ; ನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ, ಮಳೆಗಾಲದಲ್ಲಿ ಹಾವಸೆಯ ಜಾರು ಬೇರೆ. ಸೊನ್ನೆ, 2, 6 ಮತ್ತು 8 ಮೀಟರಿಗೆ ಒಂದೊಂದು ಗೆರೆ ಎಳೆಯಿರಿ. ಮೊದಲ ಎರಡು ಮೀಟರು ವೇಗ ಹಿಡಿಯಲಿಕ್ಕೆ, ಕೊನೆಯ ಎರಡು ನಿಧಾನಿಸಲಿಕ್ಕೆ. ಮುಂದಿನ ಕಾಲು ಎರಡನೇ ಗೆರೆ ದಾಟಿದ ಕ್ಷಣ ಸ್ಟಾಪ್‌ವಾಚು ಒತ್ತಿ, ಮೂರನೇ ಗೆರೆ ದಾಟಿದಾಗ ನಿಲ್ಲಿಸಿ. ನಾಲ್ಕನ್ನು ಸೆಕೆಂಡಿನಿಂದ ಭಾಗಿಸಿ. ಮೂರು ಸೆಕೆಂಡಾದರೆ 1.33, ನಾಲ್ಕಾದರೆ 1.0, ಐದಾದರೆ 0.8. ಎರಡು ಸಲ ನಡೆಸಿ ಸರಾಸರಿ ತೆಗೆಯಿರಿ.

ಕೆಡುವುದು ಸಣ್ಣ ಸಣ್ಣ ವಿಷಯಗಳಲ್ಲಿ. ‘ಬೇಗ ಬೇಗ ನಡೀರಿ’ ಎಂದರೆ ಅದು ಬೇರೆಯೇ ಪರೀಕ್ಷೆ, ಗರಿಷ್ಠ ವೇಗದ್ದು. ‘ಅಜ್ಜಾ, ಅಂಗಡಿಗೆ ಹಾಲು ತರೂಕೆ ಹೋಗುವಾಗ ಹ್ಯಾಂಗೆ ನಡೀತ್ರಿ, ಹಾಂಗೇ ನಡೀರಿ’ ಅಂದರೆ ಸಾಕು. ಪಕ್ಕದಲ್ಲಿ ಜೊತೆಯಾಗಿ ನಡೆಯಬೇಡಿ, ಅವರು ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತಾರೆ; ಬೀಳುವ ಭಯವಿದ್ದರೆ ಒಂದು ಹೆಜ್ಜೆ ಹಿಂದೆ, ಬಲ ಕಡಿಮೆಯಿರುವ ಮಗ್ಗುಲಲ್ಲಿ ಇರಿ. ಕೊನೆಯ ಗೆರೆ ಗೋಡೆಗೆ ಹತ್ತಿರವಿದ್ದರೆ ಮೂರನೇ ಗೆರೆಗೆ ಮೊದಲೇ ಕಾಲು ನಿಧಾನವಾಗುತ್ತದೆ. ದಿನವೂ ಚಪ್ಪಲಿ ಹಾಕುವವರನ್ನು ತಣ್ಣನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆಸಬೇಡಿ. ಪಂಚೆಯ ಚುಂಗು ಒಂದು ಕೈಯಲ್ಲಿ, ಚೀಟಿ ಇನ್ನೊಂದು ಕೈಯಲ್ಲಿ ಹಿಡಿದವರ ಕೈ ಬೀಸುವುದೇ ಇಲ್ಲ. ಚೀಟಿ ಇಸಿದುಕೊಂಡು, ಪಂಚೆ ಕಟ್ಟಿಸಿ ನಡೆಸಿ. ಕೋಲು ಹಿಡಿಯುವವರು ಕೋಲಿನೊಂದಿಗೇ ನಡೆಯಲಿ, ಆದರೆ ‘ಕೋಲಿನೊಂದಿಗೆ’ ಎಂದು ಬರೆಯಿರಿ. ಎದೆನೋವು, ತಲೆಸುತ್ತು ಇರುವವರಿಗೆ ಆ ದಿನ ಪರೀಕ್ಷೆಯೇ ಬೇಡ.

ನಡೆಯುವಾಗ ಮಾತಾಡಿಸಬಾರದು. ಕೆಲವರು ಉತ್ತರ ಕೊಡಲು ನಿಂತೇಬಿಡುತ್ತಾರೆ. ಹಾಗೆ ನಿಲ್ಲುವುದೇ ಒಂದು ಸೂಚನೆ: ಮಾತಾಡಲು ನಡಿಗೆ ನಿಲ್ಲಿಸುವ ವೃದ್ಧರು ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ಆದರೆ ಅದನ್ನು ನೋಡುವುದಾದರೆ ಬೇರೆ ಸಲ ನೋಡಿ, ವೇಗದ ಅಳತೆಯೊಳಗೆ ಬೆರೆಸಬೇಡಿ.

ಸ್ಟಾಪ್‌ವಾಚು ಒತ್ತುವ ಬೆರಳಿನದೂ ಒಂದು ಲೆಕ್ಕವಿದೆ. ನಾಲ್ಕು ಸೆಕೆಂಡಿನ ನಡಿಗೆಯಲ್ಲಿ 0.3 ಸೆಕೆಂಡು ತಡವಾದರೆ 1.0 ಇದ್ದದ್ದು 0.93 ಆಗುತ್ತದೆ. ವೈದ್ಯರು ಗಮನಿಸಬೇಕಾದ ಬದಲಾವಣೆಯೇ 0.1 ಆಗಿರುವಾಗ ಇದು ಸಣ್ಣ ತಪ್ಪಲ್ಲ. ಸಮುದಾಯ ಭವನದಂಥ ದೊಡ್ಡ ಜಾಗವಿದ್ದರೆ ನಡುವಿನ ಅಂತರವನ್ನು ಹತ್ತು ಮೀಟರಿಗೆ ಏರಿಸಿ. ಆಗ ಅದೇ ತಪ್ಪಿಗೆ 0.97 ಬರುತ್ತದೆ. ಒಮ್ಮೆ ನಾಲ್ಕು ಮೀಟರು, ಇನ್ನೊಮ್ಮೆ ಹತ್ತು ಮೀಟರು ಅಳೆದು ‘ಅಜ್ಜಿ ಸುಧಾರಿಸಿದರು’ ಎನ್ನುವಂತಿಲ್ಲ.

ಅಂಕಿ ಬಂದ ಮೇಲೇನು? ಸ್ನಾಯು ಸವೆತ ಪತ್ತೆಗೆ ಐರೋಪ್ಯ ತಜ್ಞರು ಸೆಕೆಂಡಿಗೆ 0.8 ಮೀಟರನ್ನು ಮಿತಿಯಾಗಿಟ್ಟು, ಅದಕ್ಕೂ ಕೆಳಗಾದರೆ ನಿಧಾನವೆಂದು ಎಣಿಸುತ್ತಾರೆ; ಏಷ್ಯಾದ ತಜ್ಞರ ಗುಂಪು 2019ರಲ್ಲಿ ಅದನ್ನು 1.0ಕ್ಕೆ ಏರಿಸಿದೆ. ನಾವು ಇಟ್ಟುಕೊಳ್ಳಬೇಕಾದದ್ದು ಎರಡನೆಯದು. ಲಕ್ವ ಹೊಡೆದವರಲ್ಲಿ ಜಾಕ್ವೆಲಿನ್ ಪೆರ್ರಿ ತಂಡ 1995ರಲ್ಲಿ ಕೊಟ್ಟ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: 0.4ರ ಕೆಳಗಾದರೆ ಮನೆಯೊಳಗಿನ ಓಡಾಟ ಮಾತ್ರ, 0.4ರಿಂದ 0.8ರವರೆಗೆ ಹೊರಗೆ ಅಲ್ಪಸ್ವಲ್ಪ, ಅದರ ಮೇಲಾದರೆ ಪೇಟೆ ತಿರುಗಬಹುದು. ಹೃದಯದ ಶಸ್ತ್ರಚಿಕಿತ್ಸೆಗೆ ಮುಂಚೆ ಐದು ಮೀಟರು ನಡೆಯಲು ಆರು ಸೆಕೆಂಡು ಅಥವಾ ಹೆಚ್ಚು ತೆಗೆದುಕೊಳ್ಳುವ ವೃದ್ಧರಿಗೆ ಅಪಾಯ ಹೆಚ್ಚೆಂದೂ ಗೊತ್ತಾಗಿದೆ.

ನಿಧಾನಕ್ಕೆ ಕಾರಣ ಹುಡುಕುವಾಗ ಮೊಣಕಾಲು ಒಂದನ್ನೇ ಹಿಡಿದು ಕೂರಬಾರದು. ಮಲಗಿದಾಗ ಮತ್ತು ಎದ್ದು ನಿಂತಾಗ ಎರಡೂ ಸಲ ಬಿ.ಪಿ. ನೋಡಿ. ನಿದ್ರೆ ಮಾತ್ರೆ ಇದೆಯೇ, ಕಣ್ಣಿನ ಪೊರೆ ಇದೆಯೇ, ಬಿ12 ಕೊರತೆಯಿಂದ ಪಾದ ಮರಗಟ್ಟಿದೆಯೇ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಗುವಂತೆ ಒಂದು ಕೈ ಬೀಸುವುದು ಕಡಿಮೆಯಾಗಿದೆಯೇ ಎಂದು ವಿಚಾರಿಸಿ. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆಯುವವರು ಮೊಬೈಲ್ ಆ್ಯಪಿನ ವೇಗ ತೋರಿಸಿ ಇದೇ ಸಾಲದೇ ಎಂದು ಕೇಳಬಹುದು. ಸಾಲದು. ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಶಕ್ತಿ ಖರ್ಚಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ನಡುವೆ ನಿಂತು ಮಾತಾಡಿದ್ದೂ ಆ್ಯಪಿನ ಸರಾಸರಿಗೆ ಸೇರಬಹುದು. ಹತ್ತು ಸಾವಿರ ಹೆಜ್ಜೆಯ ಲೆಕ್ಕವಂತೂ ಬೇರೆಯೇ ವಿಷಯ.

ಈ ಅಂಕಿಯ ಉಪಯೋಗ ಆಸ್ಪತ್ರೆಯ ಹೊರಗೂ ಇದೆ. ಚತುಷ್ಪಥವಾದ ಹೆದ್ದಾರಿ 66ರಲ್ಲಿ ಒಂದು ಬದಿಯ ಎರಡು ಪಥ, ಅಂದರೆ ಏಳು ಮೀಟರು, ದಾಟಲು 1.2 ವೇಗದವರಿಗೆ ಆರು ಸೆಕೆಂಡು ಸಾಕು. 0.8ರವರಿಗೆ ಸುಮಾರು ಒಂಬತ್ತು ಬೇಕು. ಗಂಟೆಗೆ 80 ಕಿ.ಮೀ.ನಲ್ಲಿ ಬರುವ ಕಾರು ಅಷ್ಟರಲ್ಲಿ ಇನ್ನೂರು ಮೀಟರು ಬಂದಿರುತ್ತದೆ. ಬಸ್ ನಿಲ್ದಾಣದ ಎದುರು ದಾಟುವ ಜಾಗ ಗುರುತಿಸುವವರು ಹಿರಿಯರ ಕಾಲಿನ ಲೆಕ್ಕ ಹಿಡಿಯಲಿ, ತಮ್ಮದನ್ನಲ್ಲ.

ಶಿಬಿರ ನಡೆಸುವ ಸಂಘ ಸಂಸ್ಥೆಗಳಲ್ಲಿ ಕೇಳುವುದಿಷ್ಟೆ: ಕಾರ್ಡಿನಲ್ಲಿ ಬಿ.ಪಿ. ಕಾಲಮಿನ ಪಕ್ಕ ಮೂರು ಖಾಲಿ ಮನೆ ಬಿಡಿ. ಎಷ್ಟು ಮೀಟರು, ಎಷ್ಟು ಸೆಕೆಂಡು, ಕೋಲು ಇತ್ತೋ ಇಲ್ಲವೋ. ಮುಂದಿನ ಶಿಬಿರಕ್ಕೆ ಬರುವಾಗ ಅದೇ ಕಾರ್ಡು ತರಲು ಹೇಳಿ.

— ಫಿಸಿಯೋಥೆರಪಿಸ್ಟರು, ಶಿರಸಿ