ರವದಿಗೆ ಕಡ್ಡಿ ಗೀರುವ ಮುನ್ನ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಕಡೆ ಸಂಜೆ ರಸ್ತೆಯ ಎರಡೂ ಬದಿ ಹೊಗೆ. ಕಬ್ಬು ಕಡಿಯುವ ಗ್ಯಾಂಗಿನವರು ಟ್ರೇಲರ್ ತುಂಬಿ ಹೋದ ಮರುದಿನವೇ ಹೊಲದಲ್ಲಿ ಉಳಿದ ರವದಿಗೆ, ಅಂದರೆ ಕಬ್ಬಿನ ಒಣಗರಿಗೆ, ಬೆಂಕಿ ಬೀಳುತ್ತದೆ. ಚಳಿಗಾಲದ ಸಂಜೆ ನೆಲದ ಗಾಳಿ ತಣ್ಣಗಾಗಿ ಕೆಳಗೇ ಕೂರುವುದರಿಂದ ಹೊಗೆ ಮೇಲೇರದೆ ಊರೊಳಗೆ ನಿಲ್ಲುತ್ತದೆ. ಮಾಳಿಗೆ ಮೇಲಿನ ಬಟ್ಟೆಗೆ ಬೀಳುವ ಕರಿ ಬೂದಿ ಕಣ್ಣಿಗೆ ಕಾಣುತ್ತದೆ, ಕೊಡವಬಹುದು. ಕಾಣದ ಕಣಗಳದ್ದೇ ಕೇಡು. 2.5 ಮೈಕ್ರಾನಿಗಿಂತ ಸಣ್ಣವು ಮೂಗಿನಲ್ಲಿ ಸೋಸಿಹೋಗದೆ ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಗಾಳಿ ಆ ಕಡೆ ತಿರುಗಿದರೆ ತಿಕೋಟಾ, ಅಥಣಿಯ ಒಣದ್ರಾಕ್ಷಿ ಶೆಡ್ಡುಗಳಿಗೂ ಬೂದಿಯ ಪಾಲು ತಪ್ಪದು.

‘ರವದಿ ಸುಡಬೇಡಿ’ ಎಂಬ ಬೋರ್ಡು ಸಾಕಷ್ಟಿವೆ. ಆದರೆ ರೈತ ಸುಡುವುದು ತಿಳಿಯದೆ ಅಲ್ಲ. ರವದಿಯನ್ನು ಸುಡದೆ ಬಿಟ್ಟರೆ ಸಾಲಿನಲ್ಲಿ ನೀರು ಹರಿಯುವುದಿಲ್ಲ, ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಹಳದಿ ಬರುತ್ತದೆ, ಗೊಬ್ಬರ ಹಾಕಲು ಬರುವುದಿಲ್ಲ. ಮೂರೂ ನಿಜ, ಮೂರಕ್ಕೂ ದಾರಿ ಇದೆ.

ಎಕರೆಗೆ ಸುಮಾರು 3ರಿಂದ 4 ಟನ್ ಒಣ ರವದಿ ಬೀಳುತ್ತದೆ. ಟನ್ನಿಗೆ 4–5 ಕೆ.ಜಿ. ಸಾರಜನಕ ಎಂದು ಹಿಡಿದರೂ ಎಕರೆಗೆ 15 ಕೆ.ಜಿ. ಆಸುಪಾಸು, ಅಂದರೆ ಮುಕ್ಕಾಲು ಚೀಲ ಯೂರಿಯಾ. ಸುಟ್ಟರೆ ಸಾರಜನಕವೂ ಗಂಧಕವೂ ಬಹುಪಾಲು ಹೊಗೆಯಾಗಿ ಹೋಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುವುದೇನೋ ಹೌದು, ಅದನ್ನೂ ಗಾಳಿ ಪಕ್ಕದವನ ಹೊಲಕ್ಕೆ ಒಯ್ಯುತ್ತದೆ.

ಇನ್ನು ಕುಳೆ ಹಳದಿಯಾಗುವ ಮಾತು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಇಂಗಾಲ 80–100 ಪಾಲು. ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಆ ಕೆಲವು ವಾರ ಕುಳೆಯ ಮೊಳಕೆ ಉಪವಾಸ. ಹೀಗಾಗಿ ಆರಂಭದಲ್ಲೇ ಎಕರೆಗೆ 30–35 ಕೆ.ಜಿ. ಯೂರಿಯಾ, 40 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟನ್ನು ರವದಿಯ ಮೇಲೆ ಎರಚಬೇಕು. ಎರಚಿ ಹಾಗೇ ಬಿಟ್ಟರೆ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಚಿದ ದಿನವೇ ನೀರು ಹಾಯಿಸಿ. ರವದಿ ಕೊಳೆಸುವ ಸೂಕ್ಷ್ಮಾಣುಗಳ ಕಲ್ಚರ್ 4 ಕೆ.ಜಿ.ಯನ್ನು ಒಂದು ಕ್ವಿಂಟಲ್ ಹಸಿ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ನೀರಾದ ಮೇಲೆ ಇಳಿಹೊತ್ತಿನಲ್ಲಿ ಚೆಲ್ಲಬೇಕು. ಯೂರಿಯಾ ಜೊತೆ ಒಂದೇ ಬುಟ್ಟಿಯಲ್ಲಿ ಕಲಸಿದರೆ ಕಲ್ಚರ್ ಸಾಯುತ್ತದೆ. ‘ಕಲ್ಚರ್ ಕೆಲಸ ಮಾಡಲಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಇದಕ್ಕೂ ಮೊದಲು ಎರಡು ಕೆಲಸ. ರವದಿಯನ್ನು ಬೊಡ್ಡೆಯ (ಕಡಿದ ಕಬ್ಬಿನ ಬುಡದ) ಮೇಲಿಂದ ಸರಿಸಿ ಸಾಲಿಗೆ ಇಳಿಸಬೇಕು, ಬೊಡ್ಡೆಗೆ ಬಿಸಿಲು ಬೀಳದಿದ್ದರೆ ಮೊಳಕೆ ಬಿಳಿಚುತ್ತದೆ. ಗ್ಯಾಂಗಿನವರು ಎರಡು-ಮೂರು ಇಂಚು ಬಿಟ್ಟು ಕಡಿದ ಬೊಡ್ಡೆಯನ್ನು ನೆಲಮಟ್ಟಕ್ಕೆ ಸವರಬೇಕು. ಮೇಲಿನ ಕಣ್ಣಿನಿಂದ ಬಂದ ಮರಿಗೆ ಬೇರು ಆಳಕ್ಕೆ ಹೋಗುವುದಿಲ್ಲ. ಕಟಾವಾದ ಮೂರು-ನಾಲ್ಕು ದಿನದೊಳಗೆ ಇವೆರಡೂ ಮುಗಿಯಬೇಕು. ತಡವಾದರೆ ಮರಿ ಒಡೆದಿರುತ್ತದೆ, ಸವರಿದರೆ ಅದೂ ಹೋಗುತ್ತದೆ.

ನೀರಿನ ತೊಂದರೆಗೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ತುಂಬುವುದೇ ದಾರಿ. ಮೊದಲ ನೀರನ್ನು ಮಾತ್ರ ರವದಿಯ ಸಾಲಿಗೂ ಬಿಟ್ಟು, ಹಸಿಯಿದ್ದಾಗಲೇ ತುಳಿದು ಮಣ್ಣಿಗೆ ತಾಗಿಸಿ. ಮುಂದಿನ ನೀರು ಖಾಲಿ ಸಾಲಿನಲ್ಲಿ ಹರಿಯಲಿ. ನಾಲ್ಕು-ಐದು ಅಡಿ ಅಂತರದ ಕಬ್ಬಿಗೆ ಇದು ಸಲೀಸು. ಹಳೆಯ ಮೂರು ಅಡಿ ಸಾಲಿನಲ್ಲಿ ಕಷ್ಟವೇ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಗೊಬ್ಬರವನ್ನು ಹಾರಿಯಿಂದ ಬೊಡ್ಡೆಯ ಪಕ್ಕ ನಾಲ್ಕೈದು ಇಂಚು ಆಳದ ಕುಳಿ ಹಾಕಿ ಕೊಟ್ಟರೆ ರವದಿ ಅಡ್ಡಬರುವುದಿಲ್ಲ. ಮೂರು-ನಾಲ್ಕು ತಿಂಗಳಲ್ಲಿ ರವದಿ ಕರಗುತ್ತದೆ. ಅಷ್ಟರತನಕ ಕಸ ಕಡಿಮೆ, ತೇವ ಆರುವುದು ನಿಧಾನ. ಘಟಪ್ರಭಾ, ಕೃಷ್ಣಾ ದಂಡೆಯ ಸವುಳು ನೆಲದಲ್ಲಿ ತೇವ ಬೇಗ ಆರಿದಷ್ಟೂ ಉಪ್ಪು ಮೇಲೆ ಬರುತ್ತದೆ, ಅಲ್ಲಿ ಈ ಮುಚ್ಚಿಗೆಯ ಬೆಲೆ ಇನ್ನೂ ಹೆಚ್ಚು.

ಎಲ್ಲ ಕಡೆಯೂ ಇದು ಸಲ್ಲದು. ಬಸಿಗಾಲುವೆ ಇಲ್ಲದೆ ನೀರು ನಿಲ್ಲುವ ಜವುಳು ಹೊಲದಲ್ಲಿ, ಒರಲೆ ಹುತ್ತವಿರುವ ಕಡೆ ರವದಿಯನ್ನು ಹೊರಗೆ ತಂದು ಗುಂಡಿಯಲ್ಲಿ ಕೊಳೆಸುವುದೇ ಲೇಸು.

ಬೆಂಕಿಗೆ ಎರೆಹುಳುಗಳೆಲ್ಲ ಸಾಯುತ್ತವೆ ಎಂಬ ಮಾತು ಪೂರ್ತಿ ಸರಿಯಲ್ಲ. ರವದಿಯ ಬೆಂಕಿ ಬೇಗ ಓಡುತ್ತದೆ, ಕಾಯುವುದು ಮೇಲಿನ ಇಂಚು-ಎರಡಿಂಚು ಮಣ್ಣು. ಆಳದ ಹುಳು ಬದುಕುತ್ತದೆ. ಬದುಕಿ ತಿನ್ನಲು ಏನಿದೆ? ತಿನ್ನುವುದೂ ನೆರಳೂ ಎರಡೂ ಬೂದಿ. ನೇರವಾಗಿ ಬೇಯುವುದು ಗರಿಗಂಟಿಕೊಂಡ ಮಿತ್ರಕೀಟಗಳು. 2002ರ ಸುಮಾರಿಗೆ ಸಾಂಗ್ಲಿ ಕಡೆಯಿಂದ ನಮ್ಮಲ್ಲಿಗೂ ಹಬ್ಬಿದ, ಕಬ್ಬಿನ ಗರಿಯ ರಸ ಹೀರುವ ಬಿಳಿ ಉಣ್ಣೆ ಹೇನು ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಅದನ್ನು ಹತೋಟಿಗೆ ತಂದದ್ದರಲ್ಲಿ ಡೈಫಾ, ಮೈಕ್ರೊಮಸ್ ಎಂಬ ಹೇನುಭಕ್ಷಕ ಕೀಟಗಳ ಪಾಲು ದೊಡ್ಡದು. ಅವು ಗರಿಯ ಮೇಲೇ ಬೆಳೆದು ಗರಿಯ ಮೇಲೇ ಕೋಶಕ್ಕೆ ಹೋಗುವಂಥವು. ಸುಳಿ ಕೊರೆಯುವ ಹುಳುವಿಗೆಂದು ದುಡ್ಡು ಕೊಟ್ಟು ಟ್ರೈಕೋಗ್ರಾಮ ಎಂಬ ಮಿತ್ರಕೀಟದ ಕಾರ್ಡು ಕಟ್ಟುವ ಹೊಲದಲ್ಲೇ ಕೊನೆಗೆ ಕಡ್ಡಿ ಗೀರುವುದು ವಿಚಿತ್ರ. ಇಲಿ ಕಾಟಕ್ಕೆ ಸುಡುತ್ತೇವೆ ಎನ್ನುವವರೂ ಇದ್ದಾರೆ. ಇಲಿ ಬಿಲದೊಳಗೆ ಕ್ಷೇಮವಾಗಿರುತ್ತದೆ, ಇಲಿ ಹಿಡಿಯುವ ಕೇರೆ ಹಾವು ರವದಿಯಡಿ ಸಿಕ್ಕಿ ಸುಡುತ್ತದೆ. ಬದುವಿನ ಬೇವು, ಬನ್ನಿ ಮರಗಳ ತೊಗಟೆ ಒಂದು ಬದಿ ಕರಕಾಗಿರುವುದನ್ನು ಯಾರು ಬೇಕಾದರೂ ನೋಡಬಹುದು.

ಉಳಿದದ್ದು ಆಳಿನ ಕೊರತೆ, ಅದಕ್ಕೆ ಉಪದೇಶದಿಂದ ಪರಿಹಾರವಿಲ್ಲ. ಟ್ರ್ಯಾಕ್ಟರಿಗೆ ಹೂಡುವ ರವದಿ ಪುಡಿ ಮಾಡುವ ಯಂತ್ರ ಬಂದರೆ ಆಳುಗಳ ಎಷ್ಟೋ ದಿನದ ಕೆಲಸ ತಾಸುಗಳಲ್ಲಿ ಆಗುತ್ತದೆ, ಪುಡಿಯಾದ ರವದಿ ಕೊಳೆಯುವುದೂ ಬೇಗ. ಆದರೆ ಹಂಗಾಮಿನಲ್ಲಿ ಎಲ್ಲರಿಗೂ ಅದು ಒಂದೇ ವಾರದಲ್ಲಿ ಬೇಕು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಬ್ಬಿನ ಹೋಬಳಿಗಳಿಗಾದರೂ ಈ ಯಂತ್ರಗಳ ಸಂಖ್ಯೆ ಹೆಚ್ಚಲಿ. ಕಾರ್ಖಾನೆಗಳ ಕಬ್ಬು ವಿಭಾಗದವರು ಕಟಾವು ಸರದಿಯ ಪಟ್ಟಿಯನ್ನು ಈ ಕೇಂದ್ರಗಳಿಗೆ ಮೊದಲೇ ಕೊಟ್ಟರೆ, ಕಬ್ಬು ಹೋದ ಹಿಂದೆಯೇ ಯಂತ್ರ ಯಾವ ಹೊಲಕ್ಕೆ ಹೋಗಬೇಕೆಂದು ಗೊತ್ತಾಗುತ್ತದೆ. ಕಲ್ಚರ್ ಕೂಡ ರೈತ ಸಂಪರ್ಕ ಕೇಂದ್ರಕ್ಕೆ ದಸರೆಯೊಳಗೆ ಬರಬೇಕು. ಸಂಕ್ರಾಂತಿಗೆ ಬಂದರೆ ಅಷ್ಟರಲ್ಲಿ ಅರ್ಧ ಹೊಲಗಳ ರವದಿ ಉರಿದಿರುತ್ತದೆ.

— ಕೆಲವು ಕೃಷಿ ಪದವೀಧರರು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ